ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ವರ್ಕ್ ವೀಸಾ ಮಾಡಿಕೊಳ್ಳಬಹುದು ಅನ್ನುತ್ತಾನೆ ಏಜೆಂಟ್. ಹೌದೇನ್ರೀ?

ಉದ್ಯಮಬಾಗ ಹುಡುಗ
ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ದಾರಿ ಹೇಳಿ. ನನಗೆ 27 ವರ್ಷ. ಐಟಿಐ ಮಷಿನಿಸ್ಟ್ ಮುಗಿಸಿ ಆರು ವರ್ಷ ಆಯಿತು, ಬೆಳಗಾವಿ ಉದ್ಯಮಬಾಗದ ಒಂದು ಶಾಪ್‌ನಲ್ಲಿ ವಿಎಂಸಿ (ಕಂಪ್ಯೂಟರ್‌ನಿಂದ ನಡೆಯುವ, ಲೋಹ ಕೊರೆಯುವ ಮಷಿನ್) ಸೆಟ್ಟರ್ ಆಗಿದ್ದೇನೆ. ಪಂಪ್ ಬಾಡಿ, ವಾಲ್ವ್ ಬಾಡಿ ಇಂಥವೇ ಜಾಬ್. ಪಗಾರ 24 ಸಾವಿರ, ಓಟಿ ಹಿಡಿದರೆ 29. ನಮ್ಮ ಮಾವನ ಪರಿಚಯದ ಒಬ್ಬ ಏಜೆಂಟ್ ಜರ್ಮನಿಯಲ್ಲಿ ಇದೇ ಕೆಲಸಕ್ಕೆ ತಿಂಗಳಿಗೆ ಎರಡೂವರೆ ಲಕ್ಷ ಅನ್ನುತ್ತಾನೆ. ವರ್ಕ್ ವೀಸಾಕ್ಕೆ ವರ್ಷಗಟ್ಟಲೆ ಹಿಡಿಯುತ್ತದಂತೆ, ಅದಕ್ಕೇ ಮೊದಲು 90 ದಿನದ ವಿಸಿಟ್ ವೀಸಾದಲ್ಲಿ ಹೋಗಿ ಫ್ಯಾಕ್ಟರಿ ಸೇರಿಬಿಡು, ಆಮೇಲೆ ಅವರೇ ಅಲ್ಲಿ 'ಕನ್ವರ್ಟ್' ಮಾಡಿಸುತ್ತಾರೆ ಅಂತ ಅವನ ಲೆಕ್ಕ. ಒಟ್ಟು 4 ಲಕ್ಷ 20 ಸಾವಿರ. 50 ಸಾವಿರ ಕೊಟ್ಟಾಗಿದೆ, ಪಾಸ್‌ಪೋರ್ಟೂ ಅವನ ಹತ್ತಿರವೇ ಇದೆ. ಉಳಿದದ್ದಕ್ಕೆ ಅಪ್ಪ ಸೊಸೈಟಿ ಸಾಲ ತೆಗೆಯಲು ಹೊರಟಿದ್ದಾರೆ. ಅವ್ವ ಬೇಡ ಅನ್ನುತ್ತಿದ್ದಾಳೆ. ಆದರೆ ಅವ್ವ ನಾನು ಪುಣೆಗೆ ಟ್ರೇನಿಂಗ್‌ಗೆ ಹೋಗುವಾಗಲೂ ಬೇಡ ಅಂದಿದ್ದಳು. ಈ ಕನ್ವರ್ಟ್ ಅನ್ನೋದು ನಿಜವಾಗಿ ಇದೆಯಾ?

ಜಮಖಂಡಿ ಕಾಕಾ
ಇಲ್ಲ.

ಜಮಖಂಡಿ ಕಾಕಾ
ಬಸ್ಸಿನಲ್ಲಿದ್ದೆ, ಅದಕ್ಕೇ ಒಂದೇ ಮಾತು ಬರೆದೆ. ಈಗ ಮನೆಗೆ ಬಂದೆ. ತಮ್ಮಾ, ವೀಸಾ ಆಮೇಲೆ ನೋಡೋಣ. ಮೊದಲು ಪಾಸ್‌ಪೋರ್ಟ್ ವಾಪಸ್ ತಗೋ. ಅದು ನಿನ್ನದೂ ಅಲ್ಲ, ಅವನದೂ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಒತ್ತೆ ಇಟ್ಟುಕೊಂಡು ಕೂರುವ ಹಕ್ಕು ಯಾವ ಏಜೆಂಟನಿಗೂ ಇಲ್ಲ.

ನವನಗರದ ನರ್ಸ್
ನಾನು ಬಾಗಲಕೋಟೆಯವಳು, ಮೂರು ವರ್ಷದಿಂದ ಜರ್ಮನಿಯ ಒಂದು ಆಸ್ಪತ್ರೆಯಲ್ಲಿದ್ದೇನೆ. ಕಾಕಾ ಹೇಳಿದ್ದು ಖರೆ. ನಮ್ಮ ದೇಶದವರು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದು ಅದನ್ನು ಕೆಲಸದ ಪರವಾನಗಿ ಮಾಡಿಕೊಳ್ಳಲು ಆಗುವುದಿಲ್ಲ. ವಾಪಸ್ ಊರಿಗೆ ಹೋಗಿ ಸರಿಯಾದ ವೀಸಾಕ್ಕೆ ಅರ್ಜಿ ಹಾಕಿಕೊಂಡು ಬರಬೇಕು. ಅಮೆರಿಕ, ಜಪಾನ್ ಇಂಥ ಕೆಲವು ದೇಶದವರಿಗೆ ಮಾತ್ರ ಬಂದ ಮೇಲೆ ಅರ್ಜಿ ಹಾಕುವ ಅವಕಾಶ ಇದೆ. ಬಹುಶಃ ಏಜೆಂಟ್ ಅದನ್ನೇ ಎಲ್ಲೋ ಓದಿ ನಿಮ್ಮ ತಲೆಗೆ ಕಟ್ಟಿದ್ದಾನೆ.

ವೀಸಾ ಸ್ಟಿಕ್ಕರ್ ಮೇಲೆ ಒಂದು ಅಕ್ಷರ ಇರುತ್ತದೆ, ಅದನ್ನು ನೋಡಲು ಕಲಿಯಿರಿ. ಸಿ ಅಂತ ಇದ್ದರೆ ಷೆಂಗೆನ್ ವಿಸಿಟ್, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಕ್ಕೆ ಒಂದೇ ವಿಸಿಟ್ ವೀಸಾ. ಯಾವುದೇ 180 ದಿನದಲ್ಲಿ 90 ದಿನ ತಿರುಗಾಡಬಹುದು, ನೆಂಟರನ್ನು ನೋಡಬಹುದು, ಮೀಟಿಂಗ್‌ಗೆ ಹೋಗಬಹುದು. ಫ್ಯಾಕ್ಟರಿಯಲ್ಲಿ ಮಷಿನ್ ಮುಟ್ಟುವಂತಿಲ್ಲ. ಡಿ ಅಂತ ಇದ್ದರೆ ಅದು ಆ ದೇಶದ್ದೇ ದೀರ್ಘ ಅವಧಿಯ ವೀಸಾ. ಕೆಲಸ, ಓದು, ಕುಟುಂಬ ಸೇರುವುದು ಎಲ್ಲಾ ಇದರಲ್ಲಿ. ಇನ್ನೊಂದು ತಮಾಷೆ ನೋಡಿ, ಸಿ ವೀಸಾಕ್ಕೆ ಫೀ 90 ಯೂರೋ, ಡಿಗೆ 75. ಸರಿಯಾದ ದಾರಿಯ ಫೀಯೇ ಕಡಿಮೆ!

ಟಿಳಕವಾಡಿ ಟೈಗರ್
ಎಲ್ಲರೂ ಸುಮ್ನೆ ಹೆದರಿಸುತ್ತೀರಿ. ನನ್ನ ದೋಸ್ತ್ ದುಬೈಗೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಒಂದೇ ತಿಂಗಳಲ್ಲಿ ಕೆಲಸ ಹಿಡಿದ. ಈಗ ಫ್ಯಾಮಿಲಿ ಕರೆಸಿಕೊಂಡಿದ್ದಾನೆ. ರಿಸ್ಕ್ ತಗೊಳ್ಳದೆ ಯಾರೂ ಉದ್ಧಾರ ಆಗಿಲ್ಲ.

ಇಂಡಿ ಲಿಂಬಿ
ಟೈಗರ್ ಅಣ್ಣಾ, ನಿಮ್ಮ ದೋಸ್ತನ ಕಥೆ ಸುಳ್ಳಲ್ಲ. ದುಬೈ ಕಡೆ ಕಂಪನಿ ಪರ್ಮಿಟ್ ತೆಗೆಸಿದರೆ ಅಲ್ಲೇ ಇದ್ದು ಸ್ಟೇಟಸ್ ಬದಲಿಸಿಕೊಳ್ಳಬಹುದು. ಕೆಲಸ ಹುಡುಕಲಿಕ್ಕೆ ಅಂತಲೇ 60, 90, 120 ದಿನದ ಬೇರೆ ವೀಸಾ ಕೂಡ ಇದೆ, ಅದು ಪದವಿ ಓದಿದವರಿಗೆ. ಆದರೆ ಪರ್ಮಿಟ್ ಕೈಗೆ ಬರೋ ತನಕ ಕೆಲಸಕ್ಕೆ ಕೈ ಹಾಕುವಂತಿಲ್ಲ, ತಪ್ಪಾಗುವುದು ಅಲ್ಲೇ.

ನಾನು ಹಾಕಿದ್ದೆ. 2015ರಲ್ಲಿ, ಶಾರ್ಜಾದ ಒಂದು ಗ್ಯಾರೇಜಿನಲ್ಲಿ. ಹತ್ತನೇ ಫೇಲು, ವಿಜಯಪುರದ ಒಬ್ಬ ಏಜೆಂಟ್ ವಿಸಿಟ್ ವೀಸಾ ಕೊಡಿಸಿ ಕಳಿಸಿದ. 'ಮುಂದಿನ ವಾರ ಪರ್ಮಿಟ್' ಅಂತ ಮಾಲೀಕ ಹೇಳುತ್ತಲೇ ಬಂದ. ಎರಡು ತಿಂಗಳು ದುಡಿದೆ, ಒಂದು ದಿರ್ಹಾಂ ಕೊಡಲಿಲ್ಲ. ಕಂಪ್ಲೇಂಟ್ ಯಾರಿಗೆ ಕೊಡಲಿ? ಕಾಗದದಲ್ಲಿ ನಾನು ಕೆಲಸಗಾರನೇ ಅಲ್ಲ, ಊರು ನೋಡಲು ಬಂದವ. ರೂಮಿನಲ್ಲಿದ್ದ ಕೇರಳದವರು ಪಟ್ಟಿ ಹಾಕಿ ಟಿಕೆಟ್ ಮಾಡಿಸಿದರು. ಈಗಲೂ ಊರಲ್ಲಿ ಕೇಳಿದರೆ 'ಹವಾ ಹಿಡಿಸಲಿಲ್ಲ, ಬಂದೆ' ಅಂತಲೇ ಹೇಳುತ್ತೇನೆ. ಇಲ್ಲಿ ಹೆಸರಿಲ್ಲ ಅಂತ ನಿಜ ಬರೆದೆ.

2018ರಲ್ಲಿ ಮತ್ತೆ ಹೋದೆ, ಆಗ ಸರಿಯಾದ ಎಂಪ್ಲಾಯ್‌ಮೆಂಟ್ ವೀಸಾ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಪ್ರಿಂಟ್ ಇರುತ್ತದೆ. ಗಲ್ಫ್ ಸೇರಿ 18 ದೇಶಕ್ಕೆ ದುಡಿಯಲು ಹೋಗುವಾಗ ಅಂಥವರಿಗೆ ಸರ್ಕಾರದ ಕ್ಲಿಯರೆನ್ಸ್ ಬೇಕು. ಜನ ಅದನ್ನು ಕಾಟ ಅಂದುಕೊಳ್ಳುತ್ತಾರೆ. ಅದೇ ನಮ್ಮ ಕಾವಲು ರೀ. ಕರಾರು ನೋಡುತ್ತಾರೆ, 10 ಲಕ್ಷದ ವಿಮೆ ಮಾಡಿಸುತ್ತಾರೆ, ಅದರ ಪ್ರೀಮಿಯಂ ಎರಡು ವರ್ಷಕ್ಕೆ ಬರೀ 275 ರೂಪಾಯಿ. ವಿಸಿಟ್ ವೀಸಾದಲ್ಲಿ ಹೋದರೆ ಇದೆಲ್ಲಾ ತಪ್ಪಿ ಹೋಗುತ್ತದೆ. ಏಜೆಂಟರಿಗೆ ಬೇಕಾಗಿರುವುದೂ ಅದೇ.

ಟಿಳಕವಾಡಿ ಟೈಗರ್
ಕೇಳಿ ಬೇಜಾರಾಯಿತು ಅಣ್ಣಾ. ಆದರೆ ನಿಮ್ಮದು ಹತ್ತು ವರ್ಷದ ಹಿಂದಿನ ಕಥೆ ಅಲ್ವಾ, ಈಗ ಪರಿಸ್ಥಿತಿ ಬದಲಾಗಿರಬಹುದು.

ಇಂಡಿ ಲಿಂಬಿ
ಬದಲಾಗಿದೆ, ಇನ್ನೂ ಬಿಗಿಯಾಗಿದೆ. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕಿಟ್ಟ ಮಾಲೀಕನಿಗೆ 2024ರಿಂದ 1 ಲಕ್ಷದಿಂದ 10 ಲಕ್ಷ ದಿರ್ಹಾಂ ತನಕ ದಂಡ. ಅವಧಿ ಮೀರಿ ಉಳಿದರೆ ನಿಮಗೆ ದಿನಕ್ಕೆ 50 ದಿರ್ಹಾಂ.

ಗೋಳಗುಮ್ಮಟ ಎಕೋ
ವೀಸಾನೇ ಬೇಡ ಅನ್ನುವ ದೇಶಗಳ ಬಗ್ಗೆಯೂ ಎಚ್ಚರ ಇರಲಿ. ಥಾಯ್ಲೆಂಡ್‌ಗೆ ವೀಸಾ ಇಲ್ಲದೆ ಇಳಿಯಬಹುದು ಅಂತ ಡೇಟಾ ಎಂಟ್ರಿ ಕೆಲಸಕ್ಕೆ ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆ ಅಡ್ಡೆಗಳಿಗೆ ಹಾಕಿದ್ದು ಪೇಪರಿನಲ್ಲಿ ಬಂತಲ್ಲ. ನಮ್ಮ ಪಕ್ಕದ ಕಲಬುರಗಿ ಹುಡುಗರೂ ಸೆಕ್ಯುರಿಟಿ ಕೆಲಸ ಅಂತ ರಷ್ಯಾಕ್ಕೆ ಹೋಗಿ ಯುದ್ಧದಲ್ಲಿ ಸಿಕ್ಕಿಬಿದ್ದು 2024ರಲ್ಲಿ ವಾಪಸ್ ಬಂದರು.

ಉದ್ಯಮಬಾಗ ಹುಡುಗ
ಎಲ್ಲಾ ಓದಿದೆ. ಹೊಟ್ಟೆಯಲ್ಲಿ ಒಂಥರಾ ಆಗುತ್ತಿದೆ. ಹಾಗಾದರೆ ನನ್ನಂಥ ಐಟಿಐ ಮಾಡಿದವನಿಗೆ ಜರ್ಮನಿ ದಾರಿಯೇ ಇಲ್ಲವಾ? ಅದು ಬರೀ ಇಂಜಿನಿಯರ್‌ಗಳಿಗೆ ಮಾತ್ರನಾ?

ರಬಕವಿ ಮೇಷ್ಟ್ರು
ಯಾರು ಹೇಳಿದರು? ಜೂನ್ 2024ರಿಂದ ಚಾನ್ಸೆನ್‌ಕಾರ್ಟೆ ಅಂತ ಶುರುವಾಗಿದೆ, ಅವಕಾಶದ ಕಾರ್ಡ್ ಅನ್ನಬಹುದು. ಕೆಲಸ ಇನ್ನೂ ಸಿಕ್ಕಿಲ್ಲದವರು ಅಲ್ಲಿಗೆ ಹೋಗಿ ಒಂದು ವರ್ಷ ಹುಡುಕಬಹುದು, ವಾರಕ್ಕೆ 20 ತಾಸು ಪಾರ್ಟ್‌ಟೈಮ್ ದುಡಿಯಲೂಬಹುದು. ಕಡಿಮೆ ಅಂದರೆ ಎರಡು ವರ್ಷದ, ನಮ್ಮ ಸರ್ಕಾರ ಮಾನ್ಯ ಮಾಡಿದ ತರಬೇತಿ ಬೇಕು. ಮಷಿನಿಸ್ಟ್ ಟ್ರೇಡ್ ಎರಡು ವರ್ಷದ್ದೇ. ಆ ಸರ್ಟಿಫಿಕೇಟ್ ಸರಿ ಇದೆ ಅಂತ ಜರ್ಮನಿಯ ಝಡ್‌ಎಬಿ ಕಚೇರಿಯಿಂದ ಒಂದು ಪತ್ರ ತರಿಸಬೇಕು. ಜೊತೆಗೆ ಎ1 ಮಟ್ಟದ ಜರ್ಮನ್ ಇಲ್ಲವೇ ಬಿ2 ಇಂಗ್ಲಿಷ್. ಎ1 ಅಂದರೆ ಭಾಷೆ ಕಲಿಕೆಯ ಮೊದಲ ಮೆಟ್ಟಿಲು, ಅದರ ಮೇಲೆ ಎ2, ಬಿ1, ಬಿ2.

ಆಮೇಲೆ 6 ಅಂಕ ಆಗಬೇಕು. ಲೆಕ್ಕ ಹಾಕೋಣ ಬಾ. ವಯಸ್ಸು 35ರ ಒಳಗೆ, ಅದಕ್ಕೆ 2. ಕಳೆದ ಏಳು ವರ್ಷದಲ್ಲಿ ಐದು ವರ್ಷದ ಅನುಭವ ಇದ್ದರೆ 3. ಐದಾಯಿತು. ಜರ್ಮನ್ ಎ2 ತನಕ ಕಲಿತರೆ 1. ಆರು. ಪಾಸ್!

ಘಟಪ್ರಭಾ
ಮೇಷ್ಟ್ರೇ, ದುಡ್ಡಿನ ಮಾತು ಯಾಕೆ ನುಂಗಿಬಿಟ್ಟಿರಿ? ಆ ಕಾರ್ಡಿಗೆ ವರ್ಷದ ಖರ್ಚು ಮುಂಗಡವಾಗಿ ತೋರಿಸಬೇಕು. 2025ರಲ್ಲಿ ತಿಂಗಳಿಗೆ 1,091 ಯೂರೋ, ಅಂದರೆ ವರ್ಷಕ್ಕೆ 13 ಸಾವಿರ ಯೂರೋ ದಾಟುತ್ತದೆ. ನಮ್ಮ ದುಡ್ಡಿನಲ್ಲಿ ಹದಿಮೂರು ಲಕ್ಷದ ಹತ್ತಿರ. 24 ಸಾವಿರ ಪಗಾರದ ಹುಡುಗ ಎಲ್ಲಿಂದ ತರಬೇಕು?

ರಬಕವಿ ಮೇಷ್ಟ್ರು
ಅದು ಖರ್ಚಲ್ಲ, ಬ್ಲಾಕ್ಡ್ ಅಕೌಂಟ್. ನಿನ್ನದೇ ದುಡ್ಡು, ತಿಂಗಳಾ ತಿಂಗಳಾ ಬಿಡುತ್ತಾರೆ.

ಘಟಪ್ರಭಾ
ಬಿಡುತ್ತಾರೆ ಸರ್, ಮೊದಲು ಇಡಬೇಕಲ್ಲ!

ನವನಗರದ ನರ್ಸ್
ಇಬ್ಬರೂ ಸರಿ. ಈ ಹುಡುಗನಿಗೆ ಕಾರ್ಡಿಗಿಂತ ಊರಲ್ಲೇ ಕೂತು ಕೆಲಸ ಹುಡುಕಿ, ಕರಾರು ಕೈಯಲ್ಲಿ ಹಿಡಿದು ಬರುವ ದಾರಿ ವಾಸಿ. ಅನುಭವಿ ಕೆಲಸಗಾರರಿಗೆ ಅಂತಲೇ ಒಂದು ವೀಸಾ ಇದೆ. ಎರಡು ವರ್ಷದ ತರಬೇತಿ, ಕಳೆದ ಐದು ವರ್ಷದಲ್ಲಿ ಕನಿಷ್ಠ ಎರಡು ವರ್ಷ ಅದೇ ಕೆಲಸದ ಅನುಭವ ಇದ್ದರೆ ಸರ್ಟಿಫಿಕೇಟ್ ಜರ್ಮನ್ ಮಟ್ಟಕ್ಕೆ ಸಮ ಅಂತ ಸಾಬೀತು ಮಾಡದೆಯೂ ನಡೆಯುತ್ತದೆ. ಆದರೆ ಪಗಾರ ಒಂದು ಮಟ್ಟದ ಮೇಲಿರಬೇಕು, 2025ಕ್ಕೆ ವರ್ಷಕ್ಕೆ 43,470 ಯೂರೋ. ಈ ಗೆರೆ ಪ್ರತಿ ಜನವರಿಗೆ ಮೇಲೆ ಹೋಗುತ್ತದೆ. ಅಷ್ಟು ಕೊಡಲು ಒಪ್ಪುವ ಕಂಪನಿ ಹುಡುಕುವುದೇ ನಿಜವಾದ ಕಷ್ಟ, ಸುಳ್ಳು ಹೇಳುವುದಿಲ್ಲ. ಕಂಪನಿಗೆ ಅವಸರ ಇದ್ದರೆ 411 ಯೂರೋ ಕಟ್ಟಿ ಅವರೇ ಅಲ್ಲಿಂದ ಫಾಸ್ಟ್‌ಟ್ರ್ಯಾಕ್ ಮಾಡಿಸಬಹುದು. ವರ್ಷಗಟ್ಟಲೆ ಹಿಡಿಯುತ್ತದೆ ಅನ್ನೋದು ಏಜೆಂಟನ ಮಾತು.

ನನ್ನ ಕಥೆ ಬೇರೆ. ನಾನು ಬಿ1 ತನಕ ಮನೆಯಲ್ಲಿ ಆನ್‌ಲೈನ್ ಕಲಿತೆ, ಪರೀಕ್ಷೆ ಬೆಂಗಳೂರಿನಲ್ಲಿ ಕೊಟ್ಟೆ. ನನ್ನ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕಾಗದ ನೋಡಿ 'ಇಷ್ಟು ಕೊರತೆ ಇದೆ' ಅಂತ ಪತ್ರ ಕೊಟ್ಟರು, ಆ ಕೊರತೆ ತುಂಬಿಕೊಳ್ಳಲು ಅಂತಲೇ ವೀಸಾ ಸಿಕ್ಕಿತು. ಇಲ್ಲಿ ಬಂದು ಒಂಬತ್ತು ತಿಂಗಳು ಕೆಲಸದ ಜೊತೆ ಓದಿ ಪೂರ್ತಿ ನರ್ಸ್ ಆದೆ. ಆ ಒಂಬತ್ತು ತಿಂಗಳು ಅತ್ತಿದ್ದು ಅಳತೆ ಇಲ್ಲ.

ಮತ್ತೆ ಆ ಎರಡೂವರೆ ಲಕ್ಷ ಅನ್ನೋದು ಕಡಿತಕ್ಕೆ ಮುಂಚಿನದೋ ನಂತರದ್ದೋ ಕೇಳಿದಿರಾ? ಇಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಅಂತ ಸುಮಾರು ಮೂರನೇ ಒಂದು ಭಾಗ ಕೈಗೆ ಬರುವ ಮೊದಲೇ ಹೋಗುತ್ತದೆ. ಆಮೇಲೆ ಬಾಡಿಗೆ.

ಅಮೀನಗಡ ಅಂಟು
ಇಂಗ್ಲೆಂಡ್ ಹೇಗೆ? ನನ್ನ ತಂಗಿಗೆ ವೃದ್ಧರ ಆರೈಕೆ ಕೆಲಸ ಕೊಡಿಸುತ್ತೇವೆ ಅಂತ ಒಬ್ಬರು ಫೋನ್ ಮಾಡಿದ್ದರು, 9 ಲಕ್ಷ ಕೇಳಿದರು.

ಘಟಪ್ರಭಾ
ಆ ಕೇರ್ ವರ್ಕರ್ ವೀಸಾ ಹೊರದೇಶದಿಂದ ಹೊಸಬರಿಗೆ 22 ಜುಲೈ 2025ಕ್ಕೇ ಬಂದ್ ಆಗಿದೆ. ಇಲ್ಲದ ಬಸ್ಸಿಗೆ ಟಿಕೆಟ್ ಮಾರುತ್ತಿದ್ದಾರೆ. ಫೋನ್ ಇಟ್ಟುಬಿಡಿ.

ಶಹಾಪುರದ ಸುನೀತಕ್ಕ
ವಿಷಯ ಬೇರೆ, ಬೈಯಬೇಡಿ. ಮಗಳಿಗೆ ಅಮೆರಿಕದಲ್ಲಿ ಹೆರಿಗೆ, ನಾನು ಬಾಣಂತನಕ್ಕೆ ಹೋಗಬೇಕು. ಬಿ2, ಅಂದರೆ ಅಮೆರಿಕದ ವಿಸಿಟ್ ವೀಸಾ, ಅಂತ ಅಳಿಯ ಫಾರ್ಮ್ ತುಂಬಿದ್ದಾನೆ. ಇಲ್ಲಿ ಟ್ರಾವೆಲ್ಸ್‌ನವನು 'ಬಾಣಂತನ ಅನ್ನಬೇಡಿ, ನಯಾಗರಾ ನೋಡೋಕೆ ಅಂತ ಹೇಳಿ' ಅನ್ನುತ್ತಾನೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖದಲ್ಲೇ ಗೊತ್ತಾಗುತ್ತದೆ.

ಜಮಖಂಡಿ ಕಾಕಾ
ಸುನೀತಕ್ಕಾ, ಖರೆ ಹೇಳಿ. ಮೊಮ್ಮಗು ನೋಡಲು, ಮಗಳ ಜೊತೆ ಇರಲು ಹೋಗುವುದು ಬಿ2ನಲ್ಲಿ ತಪ್ಪಲ್ಲ. ಪಗಾರ ತಗೊಂಡು ಬೇರೆಯವರ ಮಗು ನೋಡಿಕೊಂಡರೆ ಅದು ಕೆಲಸ. ಅವರು ನೋಡುವುದು ನೀವು ವಾಪಸ್ ಬರುತ್ತೀರಾ ಅಂತ. ಮನೆ, ಪಿಂಚಣಿ, ಯಜಮಾನರು ಇಲ್ಲೇ ಇದ್ದಾರೆ ಅನ್ನೋದೇ ನಿಮ್ಮ ಬಲ. ಬೇಡ ಅಂದರೆ 214(ಬಿ) ಅಂತ, ಅಂದರೆ ನೀವು ವಾಪಸ್ ಬರುತ್ತೀರಿ ಅಂತ ನಂಬಿಕೆ ಬರಲಿಲ್ಲ ಅನ್ನುವ ಒಂದು ಚೀಟಿ ಕೊಡುತ್ತಾರೆ, ಫೀ 185 ಡಾಲರ್ ವಾಪಸ್ ಇಲ್ಲ.

ವೀಸಾ 10 ವರ್ಷಕ್ಕೆ ಸಿಕ್ಕಿತು ಅಂತ 10 ವರ್ಷ ಇರುವಂತಿಲ್ಲ ಮತ್ತೆ. ಎಷ್ಟು ದಿನ ಅನ್ನೋದು ವಿಮಾನ ಇಳಿದಾಗ ಅಲ್ಲಿನ ಅಧಿಕಾರಿ ಹಾಕುವ ಐ-94 ತಾರೀಖು. ಸಾಮಾನ್ಯವಾಗಿ ಆರು ತಿಂಗಳು. ನಮ್ಮ ಬೀಗರು ಇದನ್ನು ತಿಳಿಯದೆ ಭಾಳ ಪೇಚಾಡಿದರು.

ಘಟಪ್ರಭಾ
ಕೆನಡಾ ಆಗಿದ್ದರೆ ಸೂಪರ್ ವೀಸಾ ಸಿಗುತ್ತಿತ್ತು. ಮಕ್ಕಳು ಅಲ್ಲಿ ಪಿಆರ್ (ಕಾಯಂ ನಿವಾಸಿ) ಇಲ್ಲವೇ ಸಿಟಿಜನ್ ಆಗಿದ್ದರೆ ತಂದೆ ತಾಯಿ ಒಂದು ಸಲಕ್ಕೆ ಐದು ವರ್ಷ ತನಕ ಇರಬಹುದು. 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ.

ಶಹಾಪುರದ ಸುನೀತಕ್ಕ
ಐದು ವರ್ಷ ಇದ್ದರೆ ಇವರಿಗೆ ಇಲ್ಲಿ ಚಹಾ ಯಾರು ಮಾಡಿ ಕೊಡಬೇಕು? ಆರು ತಿಂಗಳೇ ಜಾಸ್ತಿ. ಇಂಟರ್‌ವ್ಯೂ ಮುಂಬೈನಲ್ಲಿ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಟಿಳಕವಾಡಿ ಟೈಗರ್
ಮುಂಬೈ ಅಂದರೆ ಮರಾಠಿಯಲ್ಲೇ ಮಾತಾಡಬಹುದು ಅಕ್ಕಾ, ನನ್ನ ಅತ್ತೆ ಹಾಗೇ ಪಾಸಾದರು. ಬೆಳಗಾವಿಯವರಿಗೆ ಇದೊಂದು ಲಾಭ.

ಕಿತ್ತೂರ ಹುಲಿ
ಬೆಳಗಾವಿಯವರಿಗೆ ಕನ್ನಡ ಬರುತ್ತದೆ ರೀ. ಮರಾಠಿ ಯಾಕೆ ಬೇಕು?

ಟಿಳಕವಾಡಿ ಟೈಗರ್
ಎರಡೂ ಬರುತ್ತದೆ ಅಂದೆ ಅಷ್ಟೇ ಮಾರಾಯಾ.

ಕಿತ್ತೂರ ಹುಲಿ
ಮೊದಲು ಮರಾಠಿ ಅಂದಿರಿ.

ಜಮಖಂಡಿ ಕಾಕಾ
ಗಡಿ ವಿವಾದ ಸುಪ್ರೀಂ ಕೋರ್ಟಿನಲ್ಲಿದೆ, ಅಲ್ಲೇ ಇರಲಿ. ಊರಿನ ಹೆಸರು ಅಂದಾಗ ನೆನಪಾಯಿತು, ಅರ್ಜಿ ತುಂಬುವವರು ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಬೆಲ್ಗಾಂ, ಬಿಜಾಪುರ ಅಂತಿದ್ದರೆ ಹಾಗೇ ಬರೆಯಿರಿ. ಊರಿನ ಹೆಸರು ಬದಲಾಗಿದ್ದು ನವೆಂಬರ್ 2014ರಲ್ಲಿ, ಹಳೆಯ ಕಾಗದದಲ್ಲಿ ಹಳೆಯದೇ ಇರುತ್ತದೆ. ಫಾರ್ಮ್ ಪಾಸ್‌ಪೋರ್ಟ್‌ಗೆ ತಾಳೆಯಾಗಬೇಕು, ಅಭಿಮಾನಕ್ಕಲ್ಲ. ಅದಕ್ಕಿಂತ ದೊಡ್ಡ ತಲೆನೋವು ನಮ್ಮ ಹೆಸರುಗಳು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಸೇರಿಸಿ. ಮಲ್ಲಪ್ಪನಿಗೆ ಒಂದು ಕಡೆ ಎರಡು ಎಲ್, ಇನ್ನೊಂದು ಕಡೆ ಒಂದು. ಇದನ್ನು ಮೊದಲು ಸರಿ ಮಾಡಿಸಿ.

ಇಂಡಿ ಲಿಂಬಿ
ಹೌದು ಕಾಕಾ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದರೆ ಯುಎಇಯವರು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದೂ ಇಲ್ಲ, 2022ರಿಂದ ಹೀಗೆ.

ಉದ್ಯಮಬಾಗ ಹುಡುಗ
ಅಪ್‌ಡೇಟ್. ಏಜೆಂಟನಿಗೆ ಫೋನ್ ಮಾಡಿದೆ. ಕಂಪನಿ ಹೆಸರು, ಕರಾರು ಕೇಳಿದೆ. 'ಅಲ್ಲಿ ಹೋದ ಮೇಲೆ ಕೊಡುತ್ತಾರೆ' ಅಂದ. ಇ-ಮೈಗ್ರೇಟ್ (ವಿದೇಶಕ್ಕೆ ದುಡಿಯಲು ಹೋಗುವವರಿಗಾಗಿ ನಮ್ಮ ಸರ್ಕಾರದ ಜಾಲತಾಣ) ನೋಂದಣಿ ನಂಬರ್ ಕೇಳಿದರೆ 'ಅದು ಗಲ್ಫ್‌ಗೆ ಮಾತ್ರ, ಯುರೋಪಿಗೆ ಬೇಡ' ಅಂದ. ಪಾಸ್‌ಪೋರ್ಟ್ ವಾಪಸ್ ಕೇಳಿದೆ, ಎಂಬಸಿಯಲ್ಲಿದೆ, ಮುಂದಿನ ತಿಂಗಳು ಬರುತ್ತದೆ ಅಂದ.

ರಬಕವಿ ಮೇಷ್ಟ್ರು
ಎರಡೂ ಬೇರೆ ಬೇರೆ. ಕ್ಲಿಯರೆನ್ಸ್ ಬೇಕಾಗಿರುವುದು ಇಸಿಆರ್‌ನವರಿಗೆ, ಆ 18 ದೇಶಕ್ಕೆ. ಆದರೆ ಜನರನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಯಾವ ದೇಶಕ್ಕೆ ಕಳಿಸಿದರೂ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ 30 ಸಾವಿರ ಮತ್ತು ಜಿಎಸ್‌ಟಿ. ನಿನ್ನಿಂದ ಅಡ್ವಾನ್ಸೇ 50 ಸಾವಿರ ತಗೊಂಡಿದ್ದಾನೆ!

ನವನಗರದ ನರ್ಸ್
ಒಂದು ನಿಮಿಷ. ನೀವು ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿದ್ದಿರಾ?

ಉದ್ಯಮಬಾಗ ಹುಡುಗ
ಇಲ್ಲ ಅಕ್ಕಾ. ಎಲ್ಲಿಗೂ ಹೋಗಿಲ್ಲ. ನಾಲ್ಕು ಫೋಟೋ ಕೊಟ್ಟೆ ಅಷ್ಟೇ.

ನವನಗರದ ನರ್ಸ್
ಮೊದಲ ಸಲ ಷೆಂಗೆನ್ ವೀಸಾಕ್ಕೆ ಹಾಕುವವರು ತಾವೇ ಹೋಗಿ ಬೆರಳಚ್ಚು ಕೊಡಬೇಕು. ನೀವು ಕೊಟ್ಟಿಲ್ಲ ಅಂದರೆ ಅರ್ಜಿಯೇ ಹೋಗಿಲ್ಲ. ಪಾಸ್‌ಪೋರ್ಟ್ ಎಂಬಸಿಯಲ್ಲಿ ಹೇಗಿರುತ್ತದೆ?

ಗೋಳಗುಮ್ಮಟ ಎಕೋ
ಅವನ ಡ್ರಾದಲ್ಲಿದೆ.

ಜಮಖಂಡಿ ಕಾಕಾ
ತಮ್ಮಾ, ಒಬ್ಬನೇ ಹೋಗಬೇಡ. ಅಪ್ಪ, ಮಾವ ಇಬ್ಬರನ್ನೂ ಕರೆದುಕೊಂಡು ಹೋಗು. ಪರಿಚಯ ಮಾಡಿಸಿದ ಮಾವ ಮುಂದೆ ನಿಲ್ಲಲಿ. ಕೊಡದಿದ್ದರೆ ಪೊಲೀಸ್ ಸ್ಟೇಷನ್‌ಗೆ ಬರೆದುಕೊಡುತ್ತೇವೆ ಅಂತ ಒಂದೇ ಮಾತು ಹೇಳು. ಜಗಳ ಬೇಡ.

ಅಮೀನಗಡ ಅಂಟು
ಅಲ್ಲಿತನಕ ನನಗೊಂದು ಉತ್ತರ ಕೊಡಿ. ಜರ್ಮನಿಯಲ್ಲಿರುವ ಗೆಳೆಯನಿಗೆ ಕರದಂಟು, ಕುಂದಾ ಕಳಿಸಬಹುದಾ?

ನವನಗರದ ನರ್ಸ್
ಮಾಂಸ, ಹಾಲಿನ ಪದಾರ್ಥ ಹೊರದೇಶದಿಂದ ಯುರೋಪಿನ ಒಕ್ಕೂಟಕ್ಕೆ ತರುವಂತಿಲ್ಲ. ಕುಂದಾ ಅಂದರೆ ಖೋವಾ, ನಾನಂತೂ ಧೈರ್ಯ ಮಾಡುವುದಿಲ್ಲ. ಕರದಂಟು ಪ್ರತಿ ಸಲ ತರುತ್ತೇನೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕೂಡ. ನಮ್ಮ ವಾರ್ಡಿನ ಹೆಡ್ ನರ್ಸ್ ಈಗ ಬ್ರೆಡ್ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿನ್ನುತ್ತಾಳೆ.

ಕಿತ್ತೂರ ಹುಲಿ
ಕರದಂಟು ಅಮೀನಗಡದ್ದಾ ಗೋಕಾಕದ್ದಾ?

ಘಟಪ್ರಭಾ
ಗೋಕಾಕದ್ದು, ಅದರಲ್ಲಿ ಮಾತೇ ಇಲ್ಲ.

ಅಮೀನಗಡ ಅಂಟು
ನನ್ನ ಹೆಸರು ನೋಡಿದ ಮೇಲೂ ಹೀಗೆ ಹೇಳುತ್ತೀರಲ್ಲ.

ಉದ್ಯಮಬಾಗ ಹುಡುಗ
ಪಾಸ್‌ಪೋರ್ಟ್ ಸಿಕ್ಕಿತು! ಗುಮ್ಮಟದವರು ಹೇಳಿದ ಹಾಗೇ ಡ್ರಾದಲ್ಲಿತ್ತು, ರಬ್ಬರ್ ಬ್ಯಾಂಡ್ ಹಾಕಿ ಇನ್ನೂ ಎಂಟು ಹತ್ತು ಪಾಸ್‌ಪೋರ್ಟ್ ಜೊತೆ. ಬೇರೆ ಹುಡುಗರದ್ದು. ನನ್ನ ಕಣ್ಣು ಅದರ ಮೇಲೇ ಇತ್ತು. ಮಾವ ತಲೆ ಎತ್ತಲೇ ಇಲ್ಲ. 50ರಲ್ಲಿ 35 ಸಾವಿರ ವಾಪಸ್ ಕೊಟ್ಟ, ಉಳಿದದ್ದು 'ಪ್ರೊಸೆಸಿಂಗ್ ಆಗಿದೆ' ಅಂದ. ಯಾವ ಪ್ರೊಸೆಸ್ ಅಂತ ಅಪ್ಪ ಕೇಳಿದರು, ಉತ್ತರ ಇಲ್ಲ. ಸಾಲ ತೆಗೆಯಲಿಲ್ಲ, ದೊಡ್ಡದು.

ಇಂಡಿ ಲಿಂಬಿ
ಆ ಹತ್ತು ಪಾಸ್‌ಪೋರ್ಟಿನ ಹುಡುಗರಿಗೆ ಯಾರು ಹೇಳುತ್ತಾರೆ? ಇ-ಮೈಗ್ರೇಟ್‌ನಲ್ಲಿ ದೂರು ಹಾಕಲು ಜಾಗ ಇದೆ. ಹಾಕು ತಮ್ಮಾ, ನಾನು ಸಹಾಯ ಮಾಡುತ್ತೇನೆ. ನನ್ನ ಕಾಲದಲ್ಲಿ ಯಾರಾದರೂ ಹಾಕಿದ್ದರೆ ನಾನು ಹೋಗುತ್ತಿರಲಿಲ್ಲ.

ಉದ್ಯಮಬಾಗ ಹುಡುಗ
ಹಾಕುತ್ತೇನೆ ಅಣ್ಣಾ. ಮುಂದಿನ ಭಾನುವಾರ ಕೂತು ಬರೆಯೋಣ.

ರಬಕವಿ ಮೇಷ್ಟ್ರು
ಏಜೆಂಟ್ ಬೇಕೇ ಬೇಕು ಅನ್ನುವವರು ಮೊದಲು ಸರ್ಕಾರದ್ದೇ ಆದ ಅಂತಾರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ವಿಚಾರಿಸಿ, ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿದೆ. ಜರ್ಮನಿಗೆ 'ಮೇಕ್ ಇಟ್ ಇನ್ ಜರ್ಮನಿ' ಅಂತ ಅವರ ಸರ್ಕಾರದ್ದೇ ಜಾಲತಾಣ ಇದೆ, ಕೆಲಸದ ಪಟ್ಟಿಯೂ ಅಲ್ಲೇ ಸಿಗುತ್ತದೆ.

ಉದ್ಯಮಬಾಗ ಹುಡುಗ
ನೋಡಿದೆ ಸರ್. ಎ1 ಪುಸ್ತಕವೂ ತಂದೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಒಂದು ತಾಸು ಓದುತ್ತೇನೆ. ಒಂದು ತಲೆಗೆ ಹೋಗುತ್ತಿಲ್ಲ. ಚಮಚ ಗಂಡಂತೆ, ಫೋರ್ಕ್ ಹೆಣ್ಣಂತೆ, ಚಾಕು ಎರಡೂ ಅಲ್ಲವಂತೆ. ಇದನ್ನು ಹೇಗೆ ನೆನಪಿಡುವುದು ಅಕ್ಕಾ?

ನವನಗರದ ನರ್ಸ್
ನನಗೂ ಇನ್ನೂ ತಪ್ಪುತ್ತದೆ. ಪದದ ಜೊತೆಗೇ ಬಾಯಿಪಾಠ ಮಾಡಿ, ಬೇರೆ ದಾರಿ ಇಲ್ಲ.

ಟಿಳಕವಾಡಿ ಟೈಗರ್
ಮರಾಠಿಯಲ್ಲೂ ಹೀಗೇ ಮೂರು ಲಿಂಗ ಇದೆ. ಬೆಳಗಾವಿ ಹುಡುಗನಿಗೆ ಇದೇನು ಕಷ್ಟ ಅಲ್ಲ.

ಕಿತ್ತೂರ ಹುಲಿ
ಮತ್ತೆ ಶುರು ಮಾಡಿದಿರಿ ನೋಡಿ.